ಮಾಸ್ಟ್ರು ಬರೆದ ಹಾಳೆಗಳು

ನಮ್ಮ ಗಡಿನಾಡಿನ ಶಾಲೆಗಳು ಶತಮಾನೋತ್ಸವ ಆಚರಿಸುವಾಗ ಒಂದು ಸ್ಮರಣ ಸಂಚಿಕೆ ತರುವುದು ವಾಡಿಕೆ. ಅದರಲ್ಲಿ ಜಾಗ ಬಿಟ್ಟುಕೊಟ್ಟವರ ಹೆಸರಿರುತ್ತದೆ, ಮ್ಯಾನೇಜರರ ಭಾವಚಿತ್ರವಿರುತ್ತದೆ, ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂದ ವರ್ಷವೂ ಇರುತ್ತದೆ. ಆದರೆ ತರಗತಿಯ ಒಳಗೆ ಅಧ್ಯಾಪಕರು ತಾವೇ ಬರೆದು ಮಕ್ಕಳ ಕೈಗೆ ಕೊಟ್ಟ ಕಾಗದಗಳ ಬಗ್ಗೆ ಒಂದು ಸಾಲನ್ನೂ ನಾನು ಅಲ್ಲಿ ಓದಿದ್ದಿಲ್ಲ. ಅಂಥ ಕಾಗದ ಉಳಿಯುವುದಿಲ್ಲವೆಂಬುದು ಒಂದು ಕಾರಣ. ಅದನ್ನು ಯಾರೂ ‘ಕೃತಿ’ ಎಂದು ಎಣಿಸುವುದಿಲ್ಲವೆಂಬುದು ಇನ್ನೊಂದು. ಇಂಗ್ಲಿಷ್ ಬರೆಯಲು ಕಲಿಸುವುದಕ್ಕಾಗಿ ಅಧ್ಯಾಪಕರು ಮಾಡಿಕೊಂಡ ಈ ಹಾಳೆಗಳಿಗೂ ಒಂದು ಚರಿತ್ರೆ ಉಂಟು. ಅದು ಕಾಸರಗೋಡಿನಲ್ಲಿ ಆರಂಭವಾಗುವುದಿಲ್ಲ, ಆದರೆ ಇಲ್ಲಿಗೂ ಬಂದು ಮುಟ್ಟುತ್ತದೆ.

ಅಚ್ಚಾದ ಪುಸ್ತಕ ಇರುವಾಗ ಮಾಸ್ಟ್ರು ಯಾಕೆ ರಾತ್ರಿ ಕೂತು ಬರೆಯಬೇಕು ಎಂದು ಕೇಳಬಹುದು. ಪ್ರತಿಯೊಂದು ಪಠ್ಯಪುಸ್ತಕವನ್ನೂ ಬರೆಯುವವರು ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡೇ ಬರೆಯುತ್ತಾರೆ, ಅವರಿಗೆ ಅದು ತಿಳಿದಿರಲಿ ಬಿಡಲಿ. ಆ ಮಗುವಿಗೆ ಮನೆಯಲ್ಲೊಂದು ಭಾಷೆ ಇರುತ್ತದೆ, ದಾರಿಯಲ್ಲೊಂದು ಭಾಷೆ ಇರುತ್ತದೆ. ಪುಸ್ತಕ ಎಲ್ಲಿ ವಿವರಿಸುತ್ತದೆ, ಎಲ್ಲಿ ವಿವರಿಸದೆ ಮುಂದೆ ಹೋಗುತ್ತದೆ ಎಂಬುದು ಆ ಭಾಷೆಗಳನ್ನು ಅವಲಂಬಿಸಿದೆ. ನಮ್ಮಲ್ಲಿ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಟಿಯೋ ಆಡಿ, ಬಸ್ಸಿನಲ್ಲಿ ಮಲಯಾಳ ಕೇಳಿ, ಶಾಲೆಯಲ್ಲಿ ಶಿಷ್ಟ ಕನ್ನಡ ಓದಿ, ಐದನೆಯದಾಗಿಯೋ ಆರನೆಯದಾಗಿಯೋ ಇಂಗ್ಲಿಷ್ ಬರೆಯುವ ಮಗುವನ್ನು ಎದುರಿಗಿಟ್ಟುಕೊಂಡು ಯಾರೂ ಪುಸ್ತಕ ಬರೆದಂತೆ ಕಾಣುವುದಿಲ್ಲ.

ನಮ್ಮ ಕರಾವಳಿಯಲ್ಲಿ ಭಾಷೆ ಕಲಿಯಲು ಬೇಕಾದ ಸಾಮಗ್ರಿಯನ್ನು ತಾವೇ ಮಾಡಿಕೊಂಡವರಲ್ಲಿ ಬಾಸೆಲ್ ಮಿಶನಿನವರ ಹೆಸರು ದೊಡ್ಡದು. 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದ ಹೆರ್ಮನ್ ಗುಂಡರ್ಟ್ ಮೊದಲು ಸ್ವತಃ ವಿದ್ಯಾರ್ಥಿ, ಆಮೇಲೆ ಅಧ್ಯಾಪಕ. ಮಲಯಾಳದ ವ್ಯಾಕರಣ ಬರೆದರು, ಶಾಲೆಗೆಂದು ಪಾಠಮಾಲೆ ಮಾಡಿದರು. 1857ರಲ್ಲಿ ಅವರು ಶಾಲಾ ಇನ್‌ಸ್ಪೆಕ್ಟರರಾದದ್ದು ಮಲಬಾರಿಗೆ ಮಾತ್ರವಲ್ಲ, ಕೆನರಾಕ್ಕೂ ಹೌದು. ಅವರ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಈಗ ತಲಪಾಡಿಯಲ್ಲಿ ನಿಂತು ಆಚೆ ಈಚೆ ಎನ್ನುವವರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಆದರೆ ಅವರ ಶ್ರಮದ ಮುಖ ಬೇರೆ ಕಡೆಗಿತ್ತು. ಹೊರಗಿನಿಂದ ಬಂದವರು ನಮ್ಮ ಭಾಷೆಗಳೊಳಗೆ ಬರುವ ದಾರಿ ಅದು. ನಮ್ಮ ಮಕ್ಕಳು ಇಂಗ್ಲಿಷಿನೊಳಗೆ ಹೋಗುವ ದಾರಿಯನ್ನು ಕಡಿದವರನ್ನು ಹುಡುಕಿದರೆ ಢಾಕಾಕ್ಕೆ ಹೋಗಬೇಕಾಗುತ್ತದೆ.

ಮೈಕೇಲ್ ವೆಸ್ಟ್ ಎಂಬವರು ಇಂಡಿಯನ್ ಎಜುಕೇಶನಲ್ ಸರ್ವಿಸಿನವರು. ಢಾಕಾದ ಅಧ್ಯಾಪಕ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಬಂಗಾಳಿ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಓದಿದರೂ ಒಂದು ಸರಳ ಪುಸ್ತಕವನ್ನು ಓದಿ ತಿಳಿಯಲಾರರು, ಯಾಕೆ ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ಅವರು ತರಗತಿಯಲ್ಲಿದ್ದ ರೀಡರುಗಳನ್ನೇ ತೆಗೆದು ಶಬ್ದ ಎಣಿಸಿದರು. ಹೊಸ ಶಬ್ದಗಳು ಒಂದರ ಮೇಲೊಂದು ಬೀಳುತ್ತಿದ್ದವು. ಒಂದು ಶಬ್ದ ಮನಸ್ಸಿನಲ್ಲಿ ಕೂರುವ ಮೊದಲೇ ಮತ್ತೊಂದು ಬರುತ್ತಿತ್ತು. ಅದರಲ್ಲಿಯೂ ಎಷ್ಟೋ ಶಬ್ದಗಳು ಹಳೆಯ ಕಾವ್ಯದಲ್ಲಿ ಮಾತ್ರ ಕಾಣುವಂಥವು. ವೆಸ್ಟ್ ಕತೆಗಳನ್ನು ತಿದ್ದಿ ಬರೆದರು. ಅಪರೂಪದ ಶಬ್ದವನ್ನು ತೆಗೆದು ಬಳಕೆಯ ಶಬ್ದವಿಟ್ಟರು, ಹೊಸ ಶಬ್ದ ಬಂದ ಮೇಲೆ ಅದು ಮತ್ತೆ ಮತ್ತೆ ಎದುರಾಗುವಂತೆ ನೋಡಿಕೊಂಡರು, ತರಗತಿಯಲ್ಲಿ ಕೊಟ್ಟು ಪರೀಕ್ಷಿಸಿದರು. ಈ ಕೆಲಸದ ವರದಿ ‘ಬೈಲಿಂಗ್ವಲಿಸಂ’ ಎಂಬ ಹೆಸರಿನಲ್ಲಿ 1926ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು. ಅದರಿಂದ ಹುಟ್ಟಿದ ‘ನ್ಯೂ ಮೆಥಡ್’ ರೀಡರುಗಳು ಲಾಂಗ್ಮನ್ಸ್ ಕಂಪೆನಿಯ ಮೂಲಕ ಲೋಕವೆಲ್ಲ ಸುತ್ತಿದವು. ಅವರ 1935ರ ನಿಘಂಟು ಇನ್ನೂ ದೊಡ್ಡ ಸಾಹಸ. ಅದರಲ್ಲಿ ಎಲ್ಲ ಶಬ್ದಗಳ ಅರ್ಥವನ್ನೂ 1490 ಸಾಮಾನ್ಯ ಶಬ್ದಗಳ ಒಳಗೇ ಹೇಳಿದ್ದಾರೆ.

ವೆಸ್ಟರ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು: ‘ಸರೆಂಡರ್ ವ್ಯಾಲ್ಯೂ’. ಎಲ್.ಐ.ಸಿ. ಪಾಲಿಸಿ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಸಿಯನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೋ ಅದು. ಬಂಗಾಳದಲ್ಲಿ ಶಾಲೆಗೆ ಸೇರಿದ ಮಕ್ಕಳಲ್ಲಿ ಕೊನೆಯ ತರಗತಿಯವರೆಗೆ ಹೋಗುವವರು ಸ್ವಲ್ಪ ಮಂದಿ. ನಡುವೆ ಬಿಟ್ಟವನಿಗೆ ಆತ ಕಲಿತಷ್ಟು ಇಂಗ್ಲಿಷಿನಿಂದ ಏನು ಪ್ರಯೋಜನ? ಎರಡು ವರ್ಷ ವ್ಯಾಕರಣ ಕಲಿತು ಬಿಟ್ಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡು ವರ್ಷ ಓದಲು ಕಲಿತವನು ಸ್ವಲ್ಪವಾದರೂ ಓದಬಲ್ಲ. ಆದ್ದರಿಂದ ಓದು ಮೊದಲು, ಮಾತು ಬರವಣಿಗೆ ಆಮೇಲೆ ಎಂದು ಅವರು ತೀರ್ಮಾನಿಸಿದರು. ಲೆಕ್ಕ ಸರಿಯಾದದ್ದೇ. ಆದರೆ ಅದು ಢಾಕಾದ ಲೆಕ್ಕ. ಸುತ್ತಲೂ ಒಂದೇ ಭಾಷೆಯಿದ್ದು, ಇಂಗ್ಲಿಷು ಪುಸ್ತಕದ ಭಾಷೆ ಮಾತ್ರವಾಗಿದ್ದ ಊರಿಗೆ ಹೊಂದುವ ಲೆಕ್ಕ. ನಮ್ಮಲ್ಲಿ ಅದು ಯಾಕೆ ತಿರುಗಿ ನಿಲ್ಲುತ್ತದೆಂಬುದನ್ನು ಮುಂದೆ ಹೇಳುತ್ತೇನೆ. 1960ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕ ಕಷ್ಟದ ಪರಿಸ್ಥಿತಿಯಲ್ಲಿ ಇಂಗ್ಲಿಷ್ ಕಲಿಸುವವರನ್ನು ಕುರಿತದ್ದು. ಬೆಂಚಿನಲ್ಲಿ ಒತ್ತಿಕೊಂಡು ಕೂತ ನಲ್ವತ್ತು ಐವತ್ತು ಮಕ್ಕಳು, ಸೆಕೆ, ಇಂಗ್ಲಿಷಿನಲ್ಲಿ ಅಷ್ಟೊಂದು ಧೈರ್ಯವಿಲ್ಲದ ಅಧ್ಯಾಪಕ. ಓದುವಾಗ ನಮ್ಮ ಶಾಲೆಯನ್ನು ನೋಡಿಯೇ ಬರೆದಂತಿತ್ತು.

ಬರವಣಿಗೆಗೆ ಬೇಕಾದ ಉಪಕರಣ ಸಿದ್ಧವಾದದ್ದು ಜಪಾನಿನಲ್ಲಿ. ಎ. ಎಸ್. ಹಾರ್ನ್‌ಬಿ 1924ರಲ್ಲಿ ಅಲ್ಲಿಗೆ ಇಂಗ್ಲಿಷ್ ಕಲಿಸಲು ಹೋದವರು, ಆಮೇಲೆ ಟೋಕಿಯೋದಲ್ಲಿ ಹೆರಾಲ್ಡ್ ಪಾಮರರ ಜತೆ ಸೇರಿದರು. ಇಂಗ್ಲಿಷ್ ಮಾತೃಭಾಷೆಯಾದವನಿಗೆ ನಿಘಂಟು ಅರ್ಥ ಹೇಳಿದರೆ ಸಾಕು. ಬರೆಯಬೇಕಾದ ಪರಭಾಷಿಕನಿಗೆ ಆ ಕ್ರಿಯಾಪದದ ಹಿಂದೆ ಮುಂದೆ ಏನು ಬರುತ್ತದೆಂಬುದೂ ಬೇಕು. ‘ನನಗೆ ವಿವರಿಸಿದರು’ ಎಂಬುದನ್ನು ನಮ್ಮ ಮಕ್ಕಳು ‘ಎಕ್ಸ್‌ಪ್ಲೇನ್ಡ್ ಮಿ’ ಎಂದೇ ಬರೆಯುತ್ತಾರೆ, ಯಾಕೆಂದರೆ ‘ನನಗೆ ಹೇಳಿದರು’ ಎಂಬುದು ‘ಟೋಲ್ಡ್ ಮಿ’ ಆಗುತ್ತದಲ್ಲ. ಹಾರ್ನ್‌ಬಿ ಮತ್ತು ಸಂಗಡಿಗರು ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿ, ಪ್ರತಿ ಪದದ ಎದುರು ಅದರ ಮಾದರಿಯ ಅಂಕೆ ಹಾಕಿದರು. ಯುದ್ಧದ ನಡುವೆ, 1942ರಲ್ಲಿ, ಅದು ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಮರುಮುದ್ರಿಸಿದರು. ನಮ್ಮ ಮನೆಗಳ ಕಪಾಟಿನಲ್ಲಿರುವ ದಪ್ಪದ ‘ಅಡ್ವಾನ್ಸ್ಡ್ ಲರ್ನರ್ಸ್’ ಅದೇ. ಅಧ್ಯಾಪಕನೊಬ್ಬ ತನ್ನ ತರಗತಿಗಾಗಿ ತೆಗೆದುಕೊಂಡ ಟಿಪ್ಪಣಿಯಿಂದ ಬೆಳೆದ ಪುಸ್ತಕವೆಂದು ಅದನ್ನು ನೋಡಿದರೆ ಈಗ ಯಾರಿಗೂ ಹೊಳೆಯಲಾರದು.

ನಾವು ಮದ್ರಾಸಿನ ಕೆಳಗಿದ್ದ ಕೊನೆಯ ವರ್ಷಗಳಲ್ಲಿ, ಅಂದರೆ 1950ರ ದಶಕದಲ್ಲಿ, ಈ ವಿಚಾರಗಳೆಲ್ಲ ‘ಸ್ಟ್ರಕ್ಚರಲ್’ ಪಠ್ಯಕ್ರಮದ ರೂಪದಲ್ಲಿ ದಕ್ಷಿಣ ಭಾರತದ ಶಾಲೆಗಳಿಗೆ ಬಂದವು. ಅದರ ಮುಖ್ಯ ಆಯುಧ ಪರ್ಯಾಯ ಕೋಷ್ಟಕ. ಮೂರು ಕಂಬಸಾಲು, ಪ್ರತಿಯೊಂದರಲ್ಲಿ ನಾಲ್ಕು ಶಬ್ದ. ಯಾವುದರಿಂದ ಯಾವುದನ್ನು ತೆಗೆದು ಜೋಡಿಸಿದರೂ ಶುದ್ಧ ವಾಕ್ಯ. ಒಂದು ಕೋಷ್ಟಕದಿಂದ 64 ವಾಕ್ಯಗಳು. ಕರಿಹಲಗೆಯಲ್ಲಿ ಹತ್ತು ನಿಮಿಷದಲ್ಲಿ ಬರೆಯಬಹುದು, ಒಂದು ಪೀರಿಯಡ್ ಸಾಗುತ್ತದೆ, ತಪ್ಪು ಬರುವ ಭಯವಿಲ್ಲ. ಇದನ್ನು ನಾನು ಹಗುರ ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ಎಷ್ಟೋ ಅಧ್ಯಾಪಕರ ಮಾನ ಉಳಿಸಿದ್ದು ಈ ಕೋಷ್ಟಕವೇ. ಆದರೆ 64 ಶುದ್ಧ ವಾಕ್ಯ ಬರೆದ ಮಗು ತನ್ನದೆನ್ನುವ ಒಂದು ವಾಕ್ಯವನ್ನೂ ಬರೆದಿರುವುದಿಲ್ಲ. ರಜೆ ಕೇಳಿ ಪತ್ರ ಬರೆ ಎಂದರೆ ಪೆನ್ಸಿಲು ಕಚ್ಚುತ್ತ ಕೂರುತ್ತದೆ.

ಈ ಅತೃಪ್ತಿ ನಮ್ಮ ಕನ್ನಡ ನಾಡಿನಲ್ಲಿಯೇ ಒಂದು ದೊಡ್ಡ ಪ್ರಯೋಗಕ್ಕೆ ಎಡೆಮಾಡಿತು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹೈಸ್ಕೂಲು ಅಧ್ಯಾಪಕರಿಗೆ ತರಬೇತಿ ಕೊಡುತ್ತಿತ್ತು. ಸ್ಟ್ರಕ್ಚರಲ್ ಕ್ರಮವನ್ನು ವರ್ಷಗಳ ಕಾಲ ಹೇಳಿಕೊಟ್ಟವರಿಗೇ ಅದರ ಮೇಲೆ ಸಂಶಯ ಹುಟ್ಟಿತ್ತು. ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಎಂಬವರ ನೇತೃತ್ವದಲ್ಲಿ 1979ರಿಂದ 1984ರ ವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಕೆಲಸ ನಡೆಯಿತು. ಪ್ರಪಂಚದ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಅದನ್ನು ಈಗ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಕರೆಯುತ್ತಾರೆ. ಸಿಂಗಾಪುರದವರಿಗೂ ಲಂಡನಿನವರಿಗೂ ಗೊತ್ತಿರುವ ಈ ಹೆಸರು ಕನ್ನಡ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಆ ತರಗತಿಗಳಲ್ಲಿ ನಿಗದಿಯಾದ ಪಠ್ಯಪುಸ್ತಕ ಇರಲಿಲ್ಲ, ವ್ಯಾಕರಣ ಪಾಠವೂ ಇರಲಿಲ್ಲ. ಅಧ್ಯಾಪಕರು ದಿನಕ್ಕೊಂದು ಸಮಸ್ಯೆ ತರುತ್ತಿದ್ದರು. ಒಂದು ರೈಲ್ವೆ ಟೈಂಟೇಬಲ್ಲು, ಒಂದು ಊರಿನ ನಕ್ಷೆ, ಹಣದ ಲೆಕ್ಕ. ಮೊದಲು ತರಗತಿಯ ಎದುರು ಅಧ್ಯಾಪಕರೂ ಮಕ್ಕಳೂ ಸೇರಿ ಒಂದನ್ನು ಇಂಗ್ಲಿಷಿನಲ್ಲಿ ಬಿಡಿಸುವುದು. ಆಮೇಲೆ ಅದೇ ಜಾತಿಯ ಇನ್ನೊಂದನ್ನು ಪ್ರತಿ ಮಗು ಒಂಟಿಯಾಗಿ ಬಿಡಿಸಿ ಬರೆದುಕೊಡುವುದು. ಗುರುತು ಹಾಕುವುದು ಉತ್ತರ ಸರಿಯೋ ಎಂಬುದಕ್ಕೆ, ವಾಕ್ಯದ ಚೆಂದಕ್ಕಲ್ಲ. ಮನಸ್ಸು ಅರ್ಥದ ಹಿಂದೆ ಓಡುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆಂಬುದು ಅವರ ನಂಬಿಕೆ. ಇಂದು ತಂದ ಸಮಸ್ಯೆ ಈ ತರಗತಿಗೆ ತಕ್ಕದ್ದೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಪ್ರಭು ಒಂದು ಒರಟು ಅಳತೆ ಇಟ್ಟುಕೊಂಡಿದ್ದರು: ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟನ್ನಾದರೂ ಸರಿ ಮಾಡಬೇಕು. ಅದಕ್ಕಿಂತ ಕಡಿಮೆಯಾದರೆ ನಾಳೆಯದನ್ನು ಸ್ವಲ್ಪ ಸುಲಭ ಮಾಡಬೇಕು. ಶಾಸ್ತ್ರದ ಹೆಸರಿಲ್ಲದ, ಆದರೆ ಅಡುಗೆಯವರ ಕೈಯಳತೆಯಂಥ ಈ ನಿಯಮವನ್ನು ನಾನು ಆ ಪ್ರಾಜೆಕ್ಟಿನ ಅತಿ ಬೆಲೆಯುಳ್ಳ ಮಾತೆಂದು ಎಣಿಸುತ್ತೇನೆ. ತನ್ನ ಹಾಳೆಯನ್ನು ತಾನೇ ಪರೀಕ್ಷಿಸಲು ಅಧ್ಯಾಪಕನಿಗೆ ಅದು ದಾರಿ ಕೊಟ್ಟಿತು.

1984ರಲ್ಲಿ ಪ್ರಾಜೆಕ್ಟ್ ಮುಗಿಯಿತು. ಹೊರಗಿನವರು ಬಂದು ಪರೀಕ್ಷೆ ಮಾಡಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಕರಣದ ರಚನೆಗಳನ್ನು ಬಿಡಿಬಿಡಿಯಾಗಿ ಕೇಳಿದಾಗ ಹಳೆಯ ಕ್ರಮದ ಮಕ್ಕಳಿಗೂ ಮೇಲುಗೈ ಇತ್ತು. ಅರ್ಥ ಗ್ರಹಿಸುವ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳು ಮುಂದಿದ್ದರು. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು. 1990ರ ಒಂದು ಲೇಖನದಲ್ಲಿ ಅವರು ಎಲ್ಲರಿಗೂ ಒಂದೇ ಉತ್ತಮ ವಿಧಾನ ಎಂಬುದಿಲ್ಲ, ತಾನು ಮಾಡುವ ಕೆಲಸದಿಂದ ಕಲಿಕೆ ಆಗುವುದು ಹೇಗೆಂದು ಅಧ್ಯಾಪಕನಿಗೇ ಮನವರಿಕೆ ಇರಬೇಕಾದದ್ದು ಮುಖ್ಯ ಎಂದು ವಾದಿಸಿದರು. ನನಗೆ ಆ ಪ್ರಾಜೆಕ್ಟಿನ ಬಗ್ಗೆ ಒಂದು ತಕರಾರು ಉಂಟು. ಅಲ್ಲಿ ಮಕ್ಕಳು ಬರೆದದ್ದು ಹೆಚ್ಚಾಗಿ ಚುಟುಕು ಉತ್ತರ. ಒಂದು ಹೆಸರು, ಒಂದು ಗಂಟೆ, ಒಂದು ಸಾಲು. ಬರವಣಿಗೆ ಅಲ್ಲಿಯೂ ಹಿಂದಿನ ಬೆಂಚಿನಲ್ಲೇ ಕೂತಿತ್ತು.

ಇನ್ನು ನಮ್ಮ ಊರಿಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲಿನ ರಾಜಕೀಯ, ಮಹಾಜನ ವರದಿ ಇತ್ಯಾದಿಗಳನ್ನು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಶಾಲೆಯ ಮಟ್ಟಿಗೆ ಆದದ್ದೇನೆಂದರೆ, ಗಣಿತ ವಿಜ್ಞಾನಗಳ ಪುಸ್ತಕ ಕನ್ನಡಕ್ಕೆ ತರ್ಜುಮೆಯಾಗಿ ಬಂತು, ಇಂಗ್ಲಿಷ್ ರೀಡರ್ ಮಾತ್ರ ಎಲ್ಲ ಮಾಧ್ಯಮಕ್ಕೂ ಒಂದೇ. ಇಂಗ್ಲಿಷ್ ಪುಸ್ತಕಕ್ಕೆ ತರ್ಜುಮೆ ಯಾಕೆ ಎಂದು ಯಾರಿಗಾದರೂ ಅನಿಸಬಹುದು. ತೊಂದರೆ ಇದ್ದದ್ದು ರೀಡರಿನಲ್ಲಲ್ಲ, ಅದರ ಸುತ್ತಲಿನ ವಿಷಯಗಳಲ್ಲಿ. ಪೇಟೆಯಲ್ಲಿ ಸಿಗುವ ಗೈಡಿನಲ್ಲಿ ಅರ್ಥ, ವಿವರಣೆ ಎಲ್ಲ ಮಲಯಾಳದಲ್ಲಿ. ಮಂಗಳೂರಿನಿಂದ ತರಿಸಿದ ಗೈಡು ಕನ್ನಡದಲ್ಲಿ ಇರುತ್ತಿತ್ತು, ಆದರೆ ಅದು ಇನ್ನೊಂದು ರಾಜ್ಯದ ಪಾಠಕ್ಕೆ. ಹೀಗೆ ಕನ್ನಡ ಡಿವಿಜನಿನ ಇಂಗ್ಲಿಷ್ ಮಾಸ್ಟ್ರಿಗೆ ಎರಡೇ ದಾರಿ: ಕೈಬಿಡುವುದು, ಇಲ್ಲವೇ ತಾನೇ ಬರೆಯುವುದು.

ಬರೆಯುವ ಕ್ರಮವನ್ನೂ ದಾಖಲಿಸಿಡುತ್ತೇನೆ, ಯಾಕೆಂದರೆ ಝೆರಾಕ್ಸ್ ಕಾಲದ ಮಕ್ಕಳಿಗೆ ಇದು ತಿಳಿಯದು. ಮೊದಲು ಇದ್ದದ್ದು ಜೆಲಟಿನ್ ತಟ್ಟೆ. ಜೆಲಟಿನ್, ಗ್ಲಿಸರಿನ್ ಕಾಯಿಸಿ ತಗಡಿನ ತಟ್ಟೆಯಲ್ಲಿ ಹೊಯ್ದು ಗಟ್ಟಿ ಮಾಡುವುದು. ನೇರಳೆ ಬಣ್ಣದ ಕಾಪಿ ಶಾಯಿಯಲ್ಲಿ ಬರೆದ ಮೂಲಪ್ರತಿಯನ್ನು ಅದರ ಮೇಲೆ ಕವುಚಿ ಒತ್ತಿದರೆ ಬರಹ ಕೆಳಗಿಳಿಯುತ್ತದೆ. ಆಮೇಲೆ ಒಂದೊಂದೇ ಖಾಲಿ ಹಾಳೆ ಒತ್ತಿ ಎತ್ತುವುದು. ಮೂವತ್ತು ನಲ್ವತ್ತಾಗುವಾಗ ಅಕ್ಷರ ಮಾಸುತ್ತದೆ. ಬೇಸಗೆಯಲ್ಲಿ ಜೆಲಟಿನ್ನೇ ಕರಗುತ್ತದೆ. ಆಮೇಲೆ ಬಂದದ್ದು ಸೈಕ್ಲೋಸ್ಟೈಲ್. ಮೇಣದ ಸ್ಟೆನ್ಸಿಲಿನಲ್ಲಿ ಇಂಗ್ಲಿಷನ್ನು ಟೈಪು ಮಾಡಿಸಿ, ಕನ್ನಡಕ್ಕೆ ಜಾಗ ಬಿಟ್ಟು, ಅಲ್ಲಿ ಲೋಹದ ಮೊನೆಯ ಕಡ್ಡಿಯಿಂದ ಕೈಯಲ್ಲಿ ಗೀರುವುದು. ಹೆಚ್ಚು ಒತ್ತಿದರೆ ‘ಠ’ದ ಹೊಟ್ಟೆಯೇ ಉದುರಿ ಹೋಗುತ್ತಿತ್ತು. ಖರ್ಚಿಗೆ ಮಕ್ಕಳಿಂದ ಕೇಳುವಂತಿಲ್ಲ, ಇಬ್ಬರು ಮೂವರು ಅಧ್ಯಾಪಕರು ಕೈಯಿಂದಲೇ ಹಾಕಿಕೊಳ್ಳುತ್ತಿದ್ದೆವು.

ನಮ್ಮ ಮೊದಲ ಹಾಳೆ ಕ್ರಿಯಾಪದದ್ದು. ‘ಹಿ ಗೋ’ ಎಂದು ಬರೆಯುವ ರೋಗ ಎಲ್ಲರಿಗೂ ಗೊತ್ತು. ಪಕ್ಕದ ಮಲಯಾಳ ಡಿವಿಜನಿಗೆ ಇಂಗ್ಲಿಷ್ ಕಲಿಸುವ ಗೆಳೆಯರೊಬ್ಬರಿದ್ದರು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಉತ್ತರ ಪತ್ರಿಕೆ ತಿದ್ದುವಾಗ ಅವರು ಹೇಳಿದರು: “ಮಾಸ್ಟ್ರೇ, ನಮ್ಮ ಮಕ್ಕಳಿಗೆ ಈ ‘ಎಸ್’ ಯಾಕೆ ಬೇಕು ಎಂದೇ ತಿಳಿಯುವುದಿಲ್ಲ. ಞಾನ್ ಪೋಕುನ್ನು, ಅವನ್ ಪೋಕುನ್ನು, ಅವಳ್ ಪೋಕುನ್ನು, ಎಲ್ಲ ಒಂದೇ ಅಲ್ಲವೋ?” ನನಗೆ ಆ ಕ್ಷಣದಲ್ಲಿ ಹೊಳೆಯಿತು. ಕನ್ನಡದ ಮಗು ಹಾಗಲ್ಲ. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಎಂದು ಆಳಿಗೆ ತಕ್ಕಂತೆ ಬಾಲ ಬದಲಿಸುವುದು ಅದಕ್ಕೆ ಹಾಲಿನ ಜತೆ ಬಂದ ವಿದ್ಯೆ. ತುಳುವಿನಲ್ಲಿಯೂ ಹಾಗೆಯೇ. ‘ಯಾನ್ ಪೋಪೆ’, ‘ಆಯೆ ಪೋಪೆ’ ಎಂಬುವು ಕನ್ನಡ ಲಿಪಿಯಲ್ಲಿ ಒಂದೇ ರೀತಿ ಕಂಡರೂ ಎಕಾರದ ಭೇದವನ್ನು ತುಳುವರ ಕಿವಿ ಸರಿಯಾಗಿ ಹಿಡಿಯುತ್ತದೆ. ಎಂದ ಮೇಲೆ ನಮ್ಮ ಮಗುವಿಗೆ ಬಾಲ ಎಂಬ ವಿಚಾರವನ್ನೇ ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬಾಲ ಒಬ್ಬನಿಗೆ ಮಾತ್ರ, ಉಳಿದವರಿಗೆ ಇಲ್ಲ ಎಂದು ಹೇಳಿದರೆ ಸಾಕು. ಎಡಬದಿಯಲ್ಲಿ ಕನ್ನಡದ ರೂಪಗಳು, ಬಲಬದಿಯಲ್ಲಿ ಇಂಗ್ಲಿಷಿನವು, ಕೆಳಗೆ ಮನೆಯಲ್ಲಿ ಬೆಳಗ್ಗೆ ಯಾರು ಏನು ಮಾಡುತ್ತಾರೆಂದು ಬರೆಯಲು ಎಂಟು ಗೆರೆ. ಅಜ್ಜಿ ಹೂ ಕೊಯ್ಯುತ್ತಾಳೆ, ತಂದೆ ತೋಟಕ್ಕೆ ನೀರು ಬಿಡುತ್ತಾನೆ, ಅಕ್ಕ ಬೀಡಿ ಕಟ್ಟುತ್ತಾಳೆ. ಎಂಟು ಗೆರೆ ಸಾಲದೆ ಮಕ್ಕಳು ಹಿಂಬದಿಯಲ್ಲಿಯೂ ಬರೆದರು.

ಗೆಳೆಯರು ಈ ಹಾಳೆಯನ್ನು ಕೊಂಡೊಯ್ದು ನೋಡಿ ಹಿಂದೆ ಕೊಟ್ಟರು. ಅವರ ತರಗತಿಗೆ ಅದು ಉಪಯೋಗವಿಲ್ಲ, ಅವರು ಬೇರೆಯೇ ಒಂದನ್ನು ಬರೆದರು. ಅದೇ ‘ಹ್ಯಾವ್’ ಹಾಳೆ ಎರಡೂ ಕಡೆ ನಡೆಯಿತು. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂದು ನಾವೂ, ‘ಎನಿಕ್ಕ್’ ಎಂದು ಅವರೂ ಚತುರ್ಥಿಯಲ್ಲೇ ಹೇಳುವುದರಿಂದ ಎರಡು ಡಿವಿಜನಿನ ಮಕ್ಕಳೂ ಒಂದೇ ಗುಂಡಿಗೆ ಬೀಳುತ್ತಿದ್ದರು. ಗೋಡೆಯ ಆಚೆಗೂ ಈಚೆಗೂ ಇಷ್ಟು ವ್ಯತ್ಯಾಸವಿರುವಾಗ, ದೂರದಲ್ಲಿ ಕೂತವರು ಬರೆದ ಒಂದೇ ಅಭ್ಯಾಸ ಪುಸ್ತಕ ಎಲ್ಲರಿಗೂ ಸರಿಯಾಗುವುದು ಹೇಗೆ?

ಇನ್ನೊಂದು ಬಸ್ಸಿನ ಹಾಳೆ. ಬದಿಯಡ್ಕದಿಂದ ಕುಂಬಳೆಗೆ ಹೋಗುವ ಬಸ್ಸುಗಳ ಹೊತ್ತು, ಕುಂಬಳೆಯಿಂದ ಮಂಗಳೂರಿಗೆ ಹೋಗುವವುಗಳ ಹೊತ್ತು. ಅಜ್ಜನನ್ನು ಹತ್ತು ಗಂಟೆಗೆ ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಬೇಕು. ಯಾವ ಬಸ್ಸು ಹಿಡಿಯಬೇಕು? ತಪ್ಪಿದರೆ ಮುಂದಿನದು ಯಾವುದು? ಇದನ್ನು ಮಾವನಿಗೆ ಆರು ವಾಕ್ಯದಲ್ಲಿ ಬರೆದು ತಿಳಿಸು. ಬೆಂಗಳೂರಿನ ತರಗತಿಗಳಲ್ಲಿ ರೈಲ್ವೆ ಟೈಂಟೇಬಲ್ಲು ಇದ್ದಂತೆ ನಮ್ಮಲ್ಲಿ ಇದು. ಆದರೆ ಆರು ವಾಕ್ಯ ಬೇಕೆಂದು ಹಟ ಹಿಡಿದದ್ದು ನಮ್ಮದು. ಯಕ್ಷಗಾನ ನೋಡಿ ಬಂದ ಮರುದಿನ ಪ್ರಸಂಗದ ಕತೆಯನ್ನು ಹತ್ತು ಸಾಲಿನಲ್ಲಿ ಬರೆಯಿಸುವ ಹಾಳೆಯೂ ಇತ್ತು. ಪಾರ್ತಿಸುಬ್ಬನ ಊರಿನ ಮಕ್ಕಳಿಗೆ ಕತೆ ಹೇಳಿಕೊಡಬೇಕೆ? ಕತೆ ಗೊತ್ತಿದ್ದುದರಿಂದ ಅವರು ಹುಡುಕಬೇಕಾದದ್ದು ಇಂಗ್ಲಿಷ್ ಶಬ್ದ ಮಾತ್ರ. ಕೌರವನ ಅಟ್ಟಹಾಸಕ್ಕೆ ಯಾವ ಶಬ್ದ ಹಾಕಬೇಕೆಂದು ಒಬ್ಬ ಹುಡುಗ ನಿಘಂಟು ಹಿಡಿದು ಇಡೀ ಮಧ್ಯಾಹ್ನ ಕೂತಿದ್ದ.

ಇವೆಲ್ಲಕ್ಕಿಂತ ಹೆಚ್ಚು ಸಲ ಅಚ್ಚಾದದ್ದು ಅರ್ಜಿಯ ಹಾಳೆ. ವೆಸ್ಟರ ಲೆಕ್ಕ ನಮ್ಮಲ್ಲಿ ತಿರುಗಿ ನಿಲ್ಲುವುದು ಇಲ್ಲಿಯೇ. ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲಿ ಅವಕಾಶ ಉಂಟು. ಕಾಗದದಲ್ಲಿ ಇರುವುದು ಮೇಜಿನ ಮೇಲೆ ಯಾವಾಗಲೂ ಇರುವುದಿಲ್ಲವೆಂಬುದು ನಮ್ಮ ಮನೆಮನೆಯ ಅನುಭವ. ಕನ್ನಡದಲ್ಲಿ ಕೊಟ್ಟ ಅರ್ಜಿ ಓದುವವರಿಲ್ಲದೆ ಕೂರುತ್ತದೆ, ಮಲಯಾಳ ಬರೆಯಲು ನಮ್ಮ ಹಿರಿಯರಿಗೆ ಬಾರದು. ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಎರಡೂ ಕಡೆಯವರ ಕಣ್ಣು ನಿಲ್ಲುತ್ತಿತ್ತು. ಹಾಗಾಗಿ ಕರೆಂಟಿನ ಸಂಪರ್ಕಕ್ಕೋ ತೆರಿಗೆ ರಸೀದಿಗೋ ವಿಧವಾ ಪಿಂಚಣಿಗೋ ಅರ್ಜಿ ಬೇಕಾದಾಗ, ಒಂಬತ್ತನೇ ತರಗತಿಯ ಮಗು ಮನೆಯ ಗುಮಾಸ್ತನಾಗುತ್ತಿತ್ತು. ಆಮೇಲೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ಹುಡುಗಿಗೂ ಇಂಗ್ಲಿಷಿನಿಂದ ಉಳಿದ ಸರೆಂಡರ್ ವ್ಯಾಲ್ಯೂ ಯಾವುದೆಂದರೆ ಆ ಒಂದು ಪುಟದ ಅರ್ಜಿ.

ಹಾಳೆಯಲ್ಲಿ ಮಾದರಿ ಅರ್ಜಿ ಇರಲಿಲ್ಲ. ಮಾದರಿ ಕೊಟ್ಟರೆ ಮಕ್ಕಳು ಹೆಸರು ಬದಲಿಸಿ ನಕಲು ಮಾಡುತ್ತಾರೆ, ಬೇರೆ ಸಂದರ್ಭ ಬಂದರೆ ನಿಲ್ಲುತ್ತಾರೆ. ಬದಲಿಗೆ ನಾಲ್ಕು ಪ್ರಶ್ನೆಗಳು ಕನ್ನಡದಲ್ಲಿ: ನೀವು ಯಾರು, ಏನು ಬೇಕು, ಯಾಕೆ ಬೇಕು, ಜತೆಗೆ ಏನನ್ನು ಲಗತ್ತಿಸಿದ್ದೀರಿ. ಮೊದಲು ಮನೆಯ ಹಿರಿಯರೊಡನೆ ಕೇಳಿ ಕನ್ನಡದಲ್ಲಿ ಉತ್ತರ ಬರೆಯಬೇಕು, ಆಮೇಲೆ ಇಂಗ್ಲಿಷಿನಲ್ಲಿ. ನಮ್ಮ ಕನ್ನಡ ವಾಕ್ಯದಲ್ಲಿ ಕಾರಣ ಮೊದಲು ಬಂದು ಬೇಡಿಕೆ ಕೊನೆಗೆ ಬರುತ್ತದೆ: ‘ಮಳೆಗೆ ಮಾಡು ಬಿದ್ದುದರಿಂದ, ಮನೆಯಲ್ಲಿ ಸಣ್ಣ ಮಕ್ಕಳಿರುವುದರಿಂದ, ತಾವು ದಯವಿಟ್ಟು...’ ಇಂಗ್ಲಿಷ್ ಅರ್ಜಿಯಲ್ಲಿ ಬೇಡಿಕೆ ಮೇಲೆ ನಿಂತರೆ ಒಳ್ಳೆಯದು. ಈ ಅದಲು ಬದಲನ್ನು ಬಾಣದ ಗುರುತು ಹಾಕಿ ತೋರಿಸಿದ್ದೆವು. ಒಬ್ಬ ಹುಡುಗಿ ತನ್ನ ತಾಯಿಯ ಪಿಂಚಣಿಗೆ ಹೀಗೆ ಅರ್ಜಿ ಬರೆದುಕೊಟ್ಟಾಗ, ಕಚೇರಿಯವರು ಇದನ್ನು ಯಾರು ಬರೆದದ್ದೆಂದು ಕೇಳಿದರಂತೆ. ಅವಳ ತಾಯಿ ಮರುದಿನ ಶಾಲೆಗೆ ಬಂದು, “ಮಾಸ್ಟ್ರೇ, ಇನ್ನೆರಡು ಹಾಳೆ ಕೊಡಿ, ನೆರೆಮನೆಯವರಿಗೂ ಬೇಕಂತೆ” ಎಂದರು.

ಆಮೇಲೆ ಕಾಲ ಬದಲಾಯಿತು. 1994ರಲ್ಲಿ ಡಿ.ಪಿ.ಇ.ಪಿ. ಯೋಜನೆ ಕೇರಳದಲ್ಲಿ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಅಧ್ಯಾಪಕರೇ ಕಾರ್ಯಾಗಾರಗಳಲ್ಲಿ ಕೂತು ಚಟುವಟಿಕೆ ಬರೆಯುವ ಪದ್ಧತಿ ಬಂತು. ಹಿಂದೆ ನಾವು ಕದ್ದುಮುಚ್ಚಿ ಮಾಡುತ್ತಿದ್ದುದಕ್ಕೆ ಸರಕಾರಿ ಹೆಸರು ಸಿಕ್ಕಿತು. 2007ರ ಪಠ್ಯಕ್ರಮದ ನಂತರ ಇಂಗ್ಲಿಷಿನಲ್ಲಿ ಸಂಭಾಷಣೆ, ದಿನಚರಿ, ಪತ್ರ, ನೋಟೀಸು ಬರೆಯುವುದಕ್ಕೆ ದೊಡ್ಡ ಸ್ಥಾನ ಬಂದಿದೆ. ಇದು ಒಳ್ಳೆಯ ತಿರುವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಕಾರ್ಯಾಗಾರಗಳಲ್ಲಿಯೂ ಎದುರಿಗೆ ಕೂರಿಸಿಕೊಂಡ ಮಗು ಹೆಚ್ಚಾಗಿ ಮಲಯಾಳದ ಮಗುವೇ. ಕನ್ನಡದವರು ಕೈಪುಸ್ತಕದ ತರ್ಜುಮೆಗೆ ಕಾಯುತ್ತಿದ್ದರು.

ಈಚೆಗೆ ಕನ್ನಡ ಡಿವಿಜನುಗಳಲ್ಲಿ ಬೆಂಚು ಖಾಲಿಯಾಗುತ್ತಿರುವಾಗ ತಂದೆತಾಯಿಗಳು ಹೇಳುವ ಕಾರಣ ಒಂದೇ: ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬಾರದು. ಅವರನ್ನು ನಾನು ದೂಷಿಸುವುದಿಲ್ಲ. ಮಗುವಿನ ಅನ್ನದ ಪ್ರಶ್ನೆ ಅದು. ಆದರೆ ವಿಷಯ ಅವರು ತಿಳಿದಂತೆ ಇಲ್ಲ. ವೆಸ್ಟ್ ಬಂಗಾಳಿ ಮಗುವಿನ ತೊಡಕು ಎಣಿಸಿಯೇ ಪುಸ್ತಕ ಬರೆದರು, ಹಾರ್ನ್‌ಬಿ ಜಪಾನಿ ವಿದ್ಯಾರ್ಥಿ ಎಡವುವ ಜಾಗ ನೋಡಿಯೇ ನಿಘಂಟು ಮಾಡಿದರು. ಮಗುವಿಗೆ ಬರುವ ಭಾಷೆಯನ್ನು ಬದಿಗಿಟ್ಟವರಲ್ಲ, ಅದನ್ನು ಚೆನ್ನಾಗಿ ಗಮನಿಸಿದವರೇ ಇಂಗ್ಲಿಷ್ ಕಲಿಸಲು ಉಪಯುಕ್ತವಾದದ್ದನ್ನು ಮಾಡಿದ್ದು. ‘ಹೋಗುತ್ತಾನೆ’ ಎಂಬುದರ ಬಾಲವನ್ನು ತೋರಿಸಿ ‘ಗೋಸ್’ ಕಲಿಸುವುದಕ್ಕೆ ಮಗುವಿಗೆ ಮೊದಲು ‘ಹೋಗುತ್ತಾನೆ’ ಓದಿ ಬರೆಯಲು ಬರಬೇಕು.

ಹಳೆಯ ಹಾಳೆಗಳಲ್ಲಿ ನನ್ನಲ್ಲಿ ಉಳಿದಿರುವುದು ಇಪ್ಪತ್ತೋ ಇಪ್ಪತ್ತೆರಡೋ. ಉಳಿದವನ್ನು ಗೆದ್ದಲು ತಿಂದಿತು, ಕೆಲವು ಅಂಗಡಿಯಲ್ಲಿ ಪೊಟ್ಟಣವಾಗಿರಬೇಕು. ಕಳೆದ ವರ್ಷ ಕನ್ನಡ ಡಿವಿಜನಿನ ಯುವ ಅಧ್ಯಾಪಿಕೆಯೊಬ್ಬರು ಬಂದು ಬಸ್ಸಿನ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಎರಡು ವಾರದ ನಂತರ ಅವರೇ ತಿದ್ದಿ ಬರೆದ ಪ್ರತಿ ಬಂತು. ನಮ್ಮ ಕಾಲದ ಬಸ್ಸುಗಳು ಅದರಲ್ಲಿ ಇಲ್ಲ. ಷಟ್ಪಥ ರಸ್ತೆಯ ಕೆಲಸದಿಂದ ಬಸ್ಸು ನಿಲ್ಲುವ ಜಾಗಗಳು ಬದಲಾಗಿವೆ, ರೈಲಿನ ಹೊತ್ತು ಸೇರಿದೆ, ಅಜ್ಜನ ಬದಲು ಡಯಾಲಿಸಿಸಿಗೆ ಹೋಗುವ ಅಜ್ಜಿ ಬಂದಿದ್ದಾಳೆ. ಮಾವನಿಗೆ ಬರೆಯಬೇಕಾದದ್ದು ಈಗ ಪತ್ರವಲ್ಲ, ವಾಟ್ಸಪ್ ಸಂದೇಶ. ಆರು ವಾಕ್ಯವೆಂಬುದನ್ನು ಮಾತ್ರ ಅವರು ಎಂಟು ಮಾಡಿದ್ದರು.